ತೊಳೆದುಕೊಂಡು ಬಂದ ಕಾಲು

ಕಾಲು ತೊಳೆಸಿಕೊಳ್ಳುವ ಭಾನುವಾರ ಮನೆಯಲ್ಲಿ ಕಾಲು ತೊಳೆದುಕೊಳ್ಳದೆ ಸಭೆಗೆ ಹೊರಡುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅಡಾ ನಿಸ್ಲಿ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತು ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜುತ್ತಿದ್ದಳು. ಕರ್ತನು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದನಲ್ಲ, ಆ ಕಾಲುಗಳು ಹೇಗಿದ್ದವು, ಧೂಳು ಮೆತ್ತಿತ್ತೋ, ಬಿರುಕು ಬಿಟ್ಟಿತ್ತೋ, ನಾತ ಹೊಡೆಯುತ್ತಿತ್ತೋ, ಅದನ್ನು ಹೇಳುವ ಗೋಜಿಗೆ ಸುವಾರ್ತೆ ಹೋಗಿಲ್ಲ. ನೀವೂ ಹೀಗೇ ಮಾಡಿ ಎಂಬ ಅಪ್ಪಣೆ ಮಾತ್ರ ಇದೆ. ಬೇರೆ ಪಂಗಡದವರು ಅದನ್ನೊಂದು ಚಂದದ ಮಾತೆಂದು ತಿಳಿದು ಸುಮ್ಮನಾದರು. ಅಡಾಳ ಪಂಗಡದವರಾದ ಮೆನೊನೈಟರು ಮಾತ್ರ ಇದ್ದದ್ದನ್ನು ಇದ್ದ ಹಾಗೆಯೇ ಹಿಡಿದರು; ಹಿಡಿದ ಮೇಲೆ ಅಚ್ಚುಕಟ್ಟಾಗಿ ಮಾಡಬೇಡವೇ. ಉಗುರು ಕತ್ತರಿಸಿ, ಬೆರಳ ಸಂದಿಗೆ ಪೌಡರ್ ಉದುರಿಸಿ, ಹೊಸ ಕಾಲುಚೀಲ ಏರಿಸಿ, ತೊಳೆಯುವುದಕ್ಕೆ ಏನೂ ಉಳಿಯದ ಹಾಗೆ ಮಾಡಿಕೊಂಡು ಹೋಗಿ ಒಬ್ಬರ ಮುಂದೆ ಒಬ್ಬರು ಮಂಡಿಯೂರುತ್ತಿದ್ದರು. ಬೋಗುಣಿಯಲ್ಲಿ ಹೋದ ನೀರು ಹೋದಷ್ಟೇ ತಿಳಿಯಾಗಿ ಹಿಂದಕ್ಕೆ ಬರುತ್ತಿತ್ತು. ಅದನ್ನು ಚೆಲ್ಲಲು ಮನಸ್ಸಾಗದೆ ಅಡಾ ಪ್ರತಿ ಸಲವೂ ಸಭಾಮಂದಿರದ ಹೂಕುಂಡಗಳಿಗೆ ಹಾಕಿಬಿಡುತ್ತಿದ್ದಳು.

ಇವತ್ತು ಅವಳು ಮಾಮೂಲಿಗಿಂತ ಹೆಚ್ಚು ಹೊತ್ತು ತಿಕ್ಕುತ್ತಿದ್ದಳು. ಇವತ್ತು ಅವಳ ಕಾಲನ್ನು ಹಳೆಯ ಗೆಳತಿ ಎರ್ಮಾ ವೀವರ್ ತೊಳೆಯಬೇಕಾಗಿತ್ತು. ಇನ್ನೂ ಸರಿಯಾಗಿ ಹೇಳುವುದಾದರೆ, ಎರ್ಮಾಳ ಕಾಲನ್ನು ಅಡಾ ತೊಳೆಯಬೇಕಾಗಿತ್ತು, ಎಲ್ಲರ ಕಣ್ಣೆದುರಿಗೆ, ಮತ್ತು ತೊಳೆಯುತ್ತಾ ತಲೆಯೆತ್ತಿ ಒಂದು ಮಾತು ಹೇಳಬೇಕಾಗಿತ್ತು. ಆ ಮಾತನ್ನು ಅವಳು ವಾರದಿಂದ ಪಾತ್ರೆ ತೊಳೆಯುವಾಗ, ಇಸ್ತ್ರಿ ಹಾಕುವಾಗ ತಿದ್ದಿ ತಿದ್ದಿ ನಯ ಮಾಡಿಕೊಂಡಿದ್ದಳು: ಎರ್ಮಾ, ನಾನು ಪ್ರೀತಿಯಿಂದ ಮಾಡಿದ ಕೆಲಸದಿಂದ ನಿನಗೆ ನೋವಾಗಿದ್ದರೆ ನನ್ನನ್ನು ಕ್ಷಮಿಸು. ಹೇಳುವಾಗ ಕಣ್ಣಲ್ಲಿ ನೀರು ಬಂದರೆ ಒಳ್ಳೆಯದು, ಬರದಿದ್ದರೂ ಗಂಟಲು ಸ್ವಲ್ಪ ಕಟ್ಟಬೇಕು. ಬರುತ್ತದೆ ಎಂದು ಅವಳಿಗೆ ಭರವಸೆಯಿತ್ತು. ಇಸ್ತ್ರಿ ಹಾಕುವಾಗಲೆಲ್ಲ ಬಂದಿತ್ತು.

"ಅಡಾ, ನೀರು ಕಾಯ್ಸೋಕೆ ಬೇಗ ಹೋಗ್ಬೇಕು ಅಂದೋಳು ನೀನೇ," ಎಂದು ಎಲ್ವಿನ್ ಕೆಳಗಿನಿಂದ ಕೂಗಿದ. ಎಲ್ವಿನ್ ಆ ಸಭೆಯ ಡೀಕನ್, ಪಾಸ್ಟರರ ನಂತರದ ಮೇಲ್ವಿಚಾರಕ. ಡೀಕನ್ನನ ಹೆಂಡತಿಯಾದ್ದರಿಂದಲೇ ಹೆಂಗಸರ ಕಡೆಯ ಬೋಗುಣಿ, ನೀರು, ಟವೆಲುಗಳ ಯಜಮಾನಿಕೆ ಅಡಾಳದಾಗಿತ್ತು.

"ಬಂದೆ. ಹ್ಯಾಮ್ ಓವನ್‌ನಿಂದ ಆಚೆ ತೆಗೆದ್ಯಾ?"

"ತೆಗ್ದೆ. ಒಂಚೂರು ತಿಂದೂ ನೋಡ್ದೆ."

"ಮಧ್ಯಾಹ್ನದವರೆಗೂ ಉಪವಾಸ ಅಂದಿದ್ರಲ್ಲ ಪಾಸ್ಟರು."

"ಉಪ್ಪು ನೋಡೋದು ಉಪವಾಸಕ್ಕೆ ಬರಲ್ಲ ಕಣೆ. ಅದು ಸೇವೆ."

ಕಾರಿನಲ್ಲಿ, ಸಭೆಯ ಊಟಕ್ಕೆಂದು ಬೇಯಿಸಿದ ಹಂದಿಮಾಂಸದ ಆ ಹ್ಯಾಮಿನ ಬಿಸಿ ತಟ್ಟೆ ಅಡಾಳ ತೊಡೆಯ ಮೇಲೆ ಸುಡುತ್ತಿತ್ತು. ಹೊಲಗಳಿಗೆ ಆಗತಾನೇ ಗೊಬ್ಬರ ಹರಡಿದ್ದರು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತಿತ್ತು. ವೀವರರ ಹೊಲದ ತಿರುವಿನಲ್ಲಿ ಅಡಾ ಆ ಕಡೆ ನೋಡಬಾರದೆಂದುಕೊಂಡೂ ನೋಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ, ಅಡುಗೆಮನೆಯ ಬಾಗಿಲು ಮಾತ್ರ ಹಾರು ಹೊಡೆದಿತ್ತು, ಭಾನುವಾರ ಬೆಳಿಗ್ಗೆ ಎರ್ಮಾಳಂಥವಳು ಬಾಗಿಲು ಹಾಗೆ ಬಿಡುವವಳಲ್ಲ. ಚಳಿಗಾಲದಲ್ಲಿ ಆ ಬಾಗಿಲಿನಿಂದಲೇ ಇಬ್ಬರೂ ಕೌದಿಯ ಚೌಕಟ್ಟು ಹೊತ್ತು ಸಭಾಮಂದಿರದ ನೆಲಮಾಳಿಗೆಗೆ ಸಾಗಿಸಿದ್ದರು. ನಿರಾಶ್ರಿತರಿಗಾಗಿ ಹರಾಜು ಹಾಕುವ ಕೌದಿ. ಎಲ್ಲರೂ ಕಾಫಿಗೆಂದು ಮೇಲೆ ಹೋದಾಗ ಎರ್ಮಾ ಸೂಜಿ ನಿಲ್ಲಿಸದೆ, ಹೊಲಿಗೆಯನ್ನೇ ನೋಡುತ್ತಾ ಗಂಡನ ವಿಷಯ ಹೇಳಿದ್ದಳು. "ರೂಬೆನ್‌ಗೆ ಮರೆವು ಬರ್ತಿದೆ ಅಡಾ. ಬರೀ ಕನ್ನಡಕ ಎಲ್ಲಿಟ್ಟೆ ಅನ್ನೋ ಮರೆವಲ್ಲ. ಮೊನ್ನೆ ನನ್ನನ್ನ ನೋಡಿ, ನಮ್ಮಮ್ಮ ಎಲ್ಲಿ ಅಂತ ಕೇಳ್ದ." ಅಡಾ ಏನೋ ಸಮಾಧಾನ ಹೇಳಲು ಬಾಯಿ ತೆರೆದಾಗ ಎರ್ಮಾ ತಡೆದಿದ್ದಳು. "ಯಾರಿಗೂ ಹೇಳ್ಬೇಡ. ಈಸ್ಟರಿಗೆ ಒಂದು ಸಲ ಹಾಡಿಸಿಬಿಡ್ಲಿ. ಹಾಡು ಇನ್ನೂ ಅವನಿಗೆ ಮರ್ತಿಲ್ಲ. ಅದಾದ್ಮೇಲೆ ನಾನೇ ಹೋಗಿ ಪಾಸ್ಟರಿಗೆ ಹೇಳ್ತೀನಿ." ಪಿಯಾನೊ ಇಲ್ಲದ, ಆರ್ಗನ್ ಇಲ್ಲದ ಆ ಸಭೆಯಲ್ಲಿ ರೂಬೆನ್ ವೀವರ್ ಎದ್ದು ನಿಂತು ಶ್ರುತಿಕವೆಯನ್ನು ಮಂಡಿಗೆ ತಾಗಿಸಿ ಕಿವಿಗಿಟ್ಟುಕೊಂಡು ಒಂದು ಸ್ವರ ಗುನುಗಿದರೆ ಇಡೀ ಸಭೆಯ ಗಂಟಲು ತೆರೆದುಕೊಳ್ಳುತ್ತಿತ್ತು. ಅಡಾ ಹುಡುಗಿಯಾಗಿದ್ದಾಗಿನಿಂದ ಈಸ್ಟರ್ ಎಂದರೆ ಅದೇ. "ನನ್ನ ಬಾಯಿಂದ ಆಚೆ ಹೋಗಲ್ಲ ಎರ್ಮಾ," ಎಂದಿದ್ದಳು ಅಡಾ, ಮತ್ತು ಹಾಗೆನ್ನುವಾಗ ನಿಜವಾಗಿಯೂ ಹಾಗೆಂದೇ ನಂಬಿದ್ದಳು.

ಅವಳ ಬಾಯಿಯಿಂದ ಹೋದದ್ದು ಸುದ್ದಿಯಲ್ಲ, ಪ್ರಾರ್ಥನೆ. ಇದನ್ನು ಅಡಾ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ. ಆ ಸಭೆಯ ಹೆಂಗಸರಿಗೆ ಒಂದು ಪ್ರಾರ್ಥನಾ ಸರಪಳಿ ಇತ್ತು. ಯಾರಿಗೆ ಕಷ್ಟ ಬಂದರೂ ಮೊದಲು ಅಡಾಗೆ ತಿಳಿಸಬೇಕು. ಅಡಾ ಫೋನ್ ಎತ್ತಿ ಡಾರ್ಲಾಳಿಗೆ ಹೇಳಬೇಕು, ಡಾರ್ಲಾ ತನ್ನ ಮುಂದಿನವಳಿಗೆ, ಅವಳು ಅವಳ ಮುಂದಿನವಳಿಗೆ. ಹೀಗೆ ಸುತ್ತಿ ಸುತ್ತಿ ಮುದುಕಿ ಮೇಬಲ್ ಗ್ರೋಫ್‌ಳನ್ನು ದಾಟಿ ಕೊನೆಗೆ ಎರ್ಮಾಳನ್ನು ಮುಟ್ಟಬೇಕು. ಕೊನೆಯ ಕೊಂಡಿಯಾದ ಎರ್ಮಾ ಅಡಾಗೆ ಮರಳಿ ಫೋನ್ ಮಾಡಿ, ಏನು ತಲುಪಿತೆಂದು ಒಪ್ಪಿಸಿ, ಪ್ರಾರ್ಥನಾ ವಿಷಯ ಮುಟ್ಟಿತು ಎನ್ನಬೇಕು. ಅಡಾಳ ಮನೆಯಿಂದ ತಲೆನೋವಾಗಿ ಹೊರಟದ್ದು ಎರ್ಮಾಳ ಮನೆ ಸೇರುವಾಗ ಮಿದುಳಿನ ಗಡ್ಡೆಯಾಗಿರುತ್ತಿತ್ತು, ನಿಜ. ಆದರೆ ಪ್ರಾರ್ಥಿಸುವವರಿಗೆ ವಿವರ ಬೇಕಲ್ಲ. ಇಂಥದ್ದೆಂದು ಗೊತ್ತಿಲ್ಲದೆ ದೇವರ ಮುಂದೆ ಏನನ್ನು ಬೇಡುವುದು. ಅಡಾ ಆವತ್ತು ಹೆಸರು ಹೇಳಲಿಲ್ಲ. ಬುದ್ಧಿ ಮಸುಕಾಗುತ್ತಿರುವ ಒಬ್ಬ ಸಹೋದರನಿಗಾಗಿ ಪ್ರಾರ್ಥಿಸೋಣ, ಹೆಸರು ಬೇಡ, ಪ್ರತಿ ಭಾನುವಾರ ನಮ್ಮೆಲ್ಲರ ಮುಂದೆ ನಿಲ್ಲುವವನು, ಎಂದಷ್ಟೇ ಹೇಳಿದಳು. ಹೇಳಿ ಫೋನ್ ಇಟ್ಟ ಮೇಲೆ ಕುರ್ಚಿಯ ಪಕ್ಕ ಮಂಡಿಯೂರಿ ತಾನೂ ಪ್ರಾರ್ಥಿಸಿದಳು, ಮತ್ತು ಎದ್ದಾಗ ಅವಳ ಮೈ ಹಗುರಾಗಿತ್ತು. ಆ ಹಗುರ ಎಂಥದ್ದೆಂದು ಯೋಚಿಸಲು ಹೋಗಲಿಲ್ಲ. ಒಂದು ಗುಟ್ಟು ಹೊಟ್ಟೆಯಿಂದ ಆಚೆ ಹೋದಾಗ ಆಗುವ ಹಗುರವೂ ಪ್ರಾರ್ಥನೆ ಮುಗಿಸಿ ಎದ್ದಾಗ ಆಗುವ ಹಗುರವೂ ಮೈಗೆ ಒಂದೇ ತರ ಇರುತ್ತವೆ.

ಮೇಬಲ್ ಗ್ರೋಫ್‌ಗೆ ಕಿವಿ ಮಂದ, ಯಾರಿಗೆ ಫೋನ್ ಮಾಡುತ್ತಿದ್ದೇನೆಂಬ ಗಮನವೂ ಕಡಿಮೆ; ಬೆರಳುಗಳಿಗೆ ರೂಢಿಯಾದ ನಂಬರನ್ನು ಬೆರಳುಗಳೇ ತಿರುಗಿಸುತ್ತಿದ್ದವು. ಅವಳು ಏನು ಹೇಳಿದಳೆಂಬುದು ಅಡಾಗೆ ಗೊತ್ತಾದದ್ದು ಆ ಸಂಜೆ, ಎರ್ಮಾಳ ಫೋನ್ ಬಂದಾಗ. ನಿಯಮದ ಪ್ರಕಾರ ಬಂದ ಫೋನ್. "ಪ್ರಾರ್ಥನಾ ವಿಷಯ ಮುಟ್ಟಿತು ಅಡಾ," ಎಂದಿತ್ತು ಆ ಸ್ವರ, ಏರಿಳಿತವಿಲ್ಲದೆ, ಹವಾಮಾನ ಓದುವವರ ಹಾಗೆ. "ರೂಬೆನ್ ವೀವರ್‌ಗೆ ಹುಚ್ಚು ಹಿಡಿದಿದೆಯಂತೆ. ಹೆಂಡತಿ ಮೇಲೆ ಕೈ ಮಾಡ್ತಾನಂತೆ. ಇನ್ಮೇಲೆ ಹಾಡಿಸೋಕೆ ಬಿಡಬಾರದಂತೆ. ಪಾಪ ಎರ್ಮಾಗೆ ಮಾತ್ರ ಗೊತ್ತಾಗಬಾರದಂತೆ. ಇಷ್ಟೇ. ನಾನೇನಾದ್ರೂ ಬಿಟ್ಟಿದ್ದೀನಾ?" ಅಡಾ ಇಲ್ಲವೆಂದಳು. ಆ ಒಂದು "ಇಲ್ಲ" ನೆನಪಾದಾಗಲೆಲ್ಲ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮುಂದಿನ ವಾರ ಪಾಸ್ಟರ್ ಗ್ಲೆನ್ ಮತ್ತು ಎಲ್ವಿನ್ ವೀವರರ ಮನೆಗೆ ಹೋಗಿ, ಬಹಳ ಪ್ರೀತಿಯಿಂದ, ಕಾಕಂಬಿ ಪೈ ತಿಂದು, ರೂಬೆನ್ ಇಷ್ಟು ವರ್ಷ ದುಡಿದಿದ್ದಾನೆ, ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಹೇಳಿ ಬಂದರು. ಈಗ ಕಾಲೇಜಿನಲ್ಲಿ ಸಂಗೀತ ಓದಿದ ಒಬ್ಬ ಹುಡುಗ ಹಾಡಿಸುತ್ತಾನೆ. ಅವನು ಎಲ್ಲ ಹಾಡನ್ನೂ ಶ್ರುತಿಯಲ್ಲಿ ಒಂದು ಮನೆ ಮೇಲಕ್ಕೆ ಎತ್ತುತ್ತಾನೆ, ಮುದುಕಿಯರು ಬಾಯಿ ಮಾತ್ರ ಆಡಿಸುತ್ತಾರೆ.

ಜಗಳವಾದರೆ ಏನು ಮಾಡಬೇಕೆಂದು ಸುವಾರ್ತೆಯಲ್ಲಿದೆ. ತೊಂದರೆಯೆಂದರೆ ಅದು ಎರಡು ಕಡೆ ಇದೆ. ನಿನ್ನ ಮೇಲೆ ಸಹೋದರನಿಗೆ ಏನಾದರೂ ಅಸಮಾಧಾನವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ನೀನೇ ಅವನ ಬಳಿಗೆ ಹೋಗು ಎಂದು ಒಂದು ಕಡೆ. ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ ಅವನಿಗೊಬ್ಬನಿಗೇ ತಿಳಿಸು ಎಂದು ಇನ್ನೊಂದು ಕಡೆ. ಅಡಾ ಇವೆರಡನ್ನೂ ಬಾಯಿಪಾಠ ಬಲ್ಲವಳು, ಭಾನುವಾರದ ಶಾಲೆಯ ಮಕ್ಕಳಿಗೆ ಕಲಿಸಿದವಳು. ತನ್ನ ತಪ್ಪೆಂದು ಎರ್ಮಾಗೆ ಅನ್ನಿಸಿದ್ದರೆ ಎರ್ಮಾ ಬಂದು ಹೇಳಲಿ, ಹಾಗೆಂದೇ ಬರೆದಿದೆಯಲ್ಲ, ಎಂದು ಅವಳು ಎರಡನೆಯದನ್ನು ಹಿಡಿದು ಕೂತಳು. ಎರ್ಮಾ ಮೊದಲನೆಯದನ್ನು ಹಿಡಿದು ಕೂತಿದ್ದಿರಬೇಕು. ಹೀಗೆ ಎರಡು ಹೊಲಗಳಾಚೆ ಈಚೆ ಇಬ್ಬರೂ ತಮ್ಮ ತಮ್ಮ ವಚನ ಹಿಡಿದು ಕಿಟಕಿಯಲ್ಲಿ ಕಾಯುತ್ತಾ ಚಳಿಗಾಲ ಕಳೆದರು, ಯಾರ ಕಾರೂ ಯಾರ ಅಂಗಳಕ್ಕೂ ತಿರುಗಲಿಲ್ಲ.

ಕಳೆದ ಭಾನುವಾರ ಸಮಾಧಾನದ ಸಭೆ ನಡೆಯಿತು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಂಡು ಕಾಲು ತೊಳೆಯುವ ಕರ್ತನ ಭೋಜನಕ್ಕೆ ಮುಂಚೆ ಅದು ನಡೆಯಲೇಬೇಕು. ದೇವರೊಡನೆಯೂ ನೆರೆಯವರೊಡನೆಯೂ ಸಮಾಧಾನದಿಂದ ಇರುವವರು ಎದ್ದು ನಿಲ್ಲಿ ಎಂದು ಪಾಸ್ಟರ್ ಹೇಳುತ್ತಾರೆ. ಒಬ್ಬರು ಕೂತೇ ಇದ್ದರೂ ಭೋಜನ ಇಡೀ ಸಭೆಗೆ ಮುಂದಕ್ಕೆ ಹೋಗುತ್ತದೆ. ಅಡಾಳ ತಾಯಿಯ ಕಾಲದಲ್ಲಿ ಬೇಲಿಯ ವಿಷಯಕ್ಕೆ ಹಾಗೆ ಮುಂದಕ್ಕೆ ಹೋಗಿತ್ತು, ಆಮೇಲೆ ಎಲ್ಲರೂ ಕೂತವನ ಜೊತೆ ಮಾತು ಬಿಟ್ಟಿದ್ದರು. ಅಡಾ ಮೊದಲಿಗರಲ್ಲಿ ಎದ್ದು ನಿಂತಳು. ಬೆಂಚುಗಳಿಂದ ಬೆಂಚುಗಳಿಗೆ ಎಲ್ಲರೂ ಎದ್ದರು. ಎರ್ಮಾ ಕೂತಿದ್ದಳು. ಪಾಸ್ಟರ್ ಗಂಟಲು ಸರಿಪಡಿಸಿಕೊಂಡರು. ಮುಂದಿನ ವಾರದ ಊಟಕ್ಕೆ ಹ್ಯಾಮುಗಳನ್ನು ತರಲು ಹೇಳಿಯಾಗಿದೆ ಎಂಬುದು ಆ ಕ್ಷಣ ಅಡಾಗೆ ಹೊಳೆದ ಮೊದಲ ಯೋಚನೆ, ಅದಕ್ಕಾಗಿ ಅವಳಿಗೆ ನಾಚಿಕೆಯೂ ಆಯಿತು. ಆಗ ಎರ್ಮಾ ಮುಂದಿನ ಬೆಂಚನ್ನು ಹಿಡಿದುಕೊಂಡು, ತನ್ನ ಊರು ಬಂತೆಂದು ಬಸ್ಸಿನಲ್ಲಿ ಏಳುವವರ ಹಾಗೆ, ನಿಧಾನವಾಗಿ ಎದ್ದಳು. ಇಡೀ ಸಭೆ ಉಸಿರು ಬಿಟ್ಟಿತು. ಎದ್ದಳೆಂದ ಮೇಲೆ ಸಮಾಧಾನವಿದೆಯೆಂದೇ ಅರ್ಥ ಎಂದು ಅಡಾ ತನಗೆ ಹೇಳಿಕೊಂಡಳು. ಆದರೆ ಎರ್ಮಾ ಎದ್ದದ್ದು ತನಗಾಗಿಯಲ್ಲ, ರೂಬೆನ್‌ನನ್ನು ಎಲ್ಲರೂ ತಿರುಗಿ ನೋಡಬಾರದೆಂದು, ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ಮಾತನ್ನು ನಯ ಮಾಡಿಟ್ಟುಕೊಳ್ಳಬೇಕಾಯಿತು.

"ಏನು, ಮಾತೇ ಇಲ್ಲ?" ಎಂದ ಎಲ್ವಿನ್, ಕಾರು ನಿಲ್ಲಿಸುತ್ತಾ.

"ಪ್ರಾರ್ಥನೆ ಮಾಡ್ತಿದ್ದೆ."

ಸಭಾಮಂದಿರದ ಹಿಂದಿನ ಬೆಂಚುಗಳು ಆಗಲೇ ತುಂಬಿದ್ದವು. ಕಡೆಯ ಸ್ಥಾನದಲ್ಲಿ ಕೂತುಕೋ ಎಂಬ ವಚನವನ್ನು ಆ ಸಭೆ ಅದೆಷ್ಟು ಶ್ರದ್ಧೆಯಿಂದ ಪಾಲಿಸುತ್ತಿತ್ತೆಂದರೆ ಹಿಂದಿನ ಬೆಂಚಿಗಾಗಿ ಜನ ಬೆಳಗಿನ ತಿಂಡಿ ಬಿಟ್ಟು ಬರುತ್ತಿದ್ದರು. ತಡವಾಗಿ ಬಂದವರು ಮಾತ್ರ ತಲೆ ತಗ್ಗಿಸಿಕೊಂಡು ಎಲ್ಲರಿಗಿಂತ ಮುಂದೆ, ಪಾಸ್ಟರರ ಮೂಗಿನ ಕೆಳಗೆ ಕೂರಬೇಕಾಗಿತ್ತು. ಪ್ರಸಂಗ ಶುರುವಾದ ಮೇಲೆ ಬಾಗಿಲು ಸದ್ದಾಯಿತು. ಎರ್ಮಾ ರೂಬೆನ್‌ನ ತೋಳು ಹಿಡಿದುಕೊಂಡು ಬಂದಳು, ಅವನನ್ನು ಗಂಡಸರ ಕಡೆಯ ಮೊದಲ ಬೆಂಚಿನಲ್ಲಿ ಕೂರಿಸಿದಳು, ತಾನು ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ ಕೂತಳು. ಅವಳ ತಲೆಯ ಬಿಳಿ ಬಲೆಟೊಪ್ಪಿಗೆ ಒಂದು ಕಡೆಗೆ ಸರಿದಿತ್ತು. ರೂಬೆನ್ ಸುತ್ತ ನೋಡಿ ಸಂತೋಷದಿಂದ ಎಲ್ಲರಿಗೂ ತಲೆಯಾಡಿಸಿದ. ವೀವರರು ಈಗೀಗ ತಡವಾಗಿಯೇ ಬರುತ್ತಾರೆಂದು ಗೊತ್ತಿದ್ದ ಅಡಾ ಮಾಮೂಲಿ ಹಿಂದಿನ ಬೆಂಚು ಬಿಟ್ಟು, ನೀರಿನ ಕೆಲಸವಿದೆಯೆಂಬ ನೆಪ ಮಾಡಿಕೊಂಡು ಮೊದಲೇ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕೂತವರೇ ಜೋಡಿಯಾಗುವುದು ರೂಢಿ. ಅವಳು ಅಂದುಕೊಂಡ ಹಾಗೆಯೇ ಎಲ್ಲವೂ ಕೂಡಿ ಬಂದಿತ್ತು, ಇದರಲ್ಲಿ ದೇವರ ಕೈ ಇದೆಯೆಂದು ಅವಳಿಗೆ ಅನ್ನಿಸಿತು. ಎರ್ಮಾ ಅವಳ ಕಡೆ ತಿರುಗಲಿಲ್ಲ. ಅವಳಿಂದ ಹೊಲದ ವಾಸನೆ ಬರುತ್ತಿತ್ತು.

ರೊಟ್ಟಿ, ದ್ರಾಕ್ಷಾರಸ ಆದ ಮೇಲೆ ಹೆಂಗಸರು ಪಕ್ಕದ ಕೋಣೆಗೆ ಹೋದರು. ಅದು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೋಣೆ; ಗೋಡೆಯ ಮೇಲೆ ಬಣ್ಣದ ಕಾಗದದ ನಾವೆಯಲ್ಲಿ ಜಿರಾಫೆಗಳು ಕತ್ತು ಹೊರಹಾಕಿದ್ದವು, ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡ ದೊಡ್ಡ ಹೆಂಗಸರು ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದರು. ಕಾಲುಚೀಲಗಳು ಇಳಿದವು. ಹೊರಗೆ ಹುಡುಗ ಹಾಡು ಎತ್ತಿದ, ಎಂದಿನಂತೆ ಮೇಲೆ. ಒಳಗೆ ಎಂದಿನ ಚೌಕಾಸಿ ಶುರುವಾಯಿತು.

"ನಾನು ಮೊದ್ಲು ತೊಳೀತೀನಿ, ನೀವು ಕೂತ್ಕೊಳಿ," ಎಂದಳು ಡಾರ್ಲಾ, ಮೇಬಲ್ ಗ್ರೋಫ್‌ಗೆ.

"ಬೇಡಮ್ಮ, ನನಗೆ ಆ ಭಾಗ್ಯ ಬಿಟ್ಕೊಡು. ಮಂಡಿ ಹಿಡ್ಕೊಂಡ್ರೂ ಪರವಾಗಿಲ್ಲ."

"ನಿಮ್ಮ ಮಂಡಿ ಆಪರೇಷನ್ ಆಗಿರೋದಲ್ವಾ."

"ಅದಕ್ಕೇ ಹೇಳ್ತಿರೋದು," ಎಂದಳು ಮೇಬಲ್, ಎಲ್ಲರಿಗೂ ಕೇಳಿಸುವ ಹಾಗೆ.

ಅಡಾ ಚೌಕಾಸಿ ಮಾಡಲಿಲ್ಲ. ಸೊಂಟಕ್ಕೆ ಟವೆಲು ಸುತ್ತಿಕೊಂಡು ಎರ್ಮಾಳ ಮುಂದೆ ಮಂಡಿಯೂರಿಬಿಟ್ಟಳು. ಕೋಣೆಯಲ್ಲಿದ್ದವರು ಚೌಕಾಸಿ ಬಿಟ್ಟು ಇತ್ತ ತಿರುಗಿದರು. ತಿಂಗಳುಗಟ್ಟಲೆ ಇವರಿಬ್ಬರ ಮೌನವನ್ನು ನೋಡಿ ಅದಕ್ಕಾಗಿಯೂ ಪ್ರಾರ್ಥಿಸಿದ್ದವರೇ ಎಲ್ಲ. ನೋಟಗಳು ಬೆನ್ನಿನ ಮೇಲೆ ಬಿದ್ದದ್ದು ಅಡಾಗೆ ಹಿತವಾಗಿ ತಿಳಿಯಿತು. ಗಂಟಲು ಕಟ್ಟಿತು, ಸರಿಯಾದ ಹೊತ್ತಿಗೆ. ಎರ್ಮಾ ಬಗ್ಗಿ ಬೂಟು ಬಿಚ್ಚಿದಳು, ಕಾಲುಚೀಲ ಎಳೆದಳು. ಕಾಲುಚೀಲ ಅಂಟಿಕೊಂಡಿತ್ತು, ಸಿಪ್ಪೆ ಸುಲಿದ ಹಾಗೆ ಬಂತು. ಒಳಗಿನ ಕಾಲು ಹಿಮ್ಮಡಿಯಿಂದ ಕಣಕಾಲಿನವರೆಗೆ ಮಣ್ಣಾಗಿತ್ತು, ಬರೀ ಮಣ್ಣಲ್ಲ, ಗೊಬ್ಬರ ಕಲಸಿದ ಕರಿ ಮಣ್ಣು. ಬೆರಳ ಸಂದಿಯಲ್ಲಿ ಹೋದ ವರ್ಷದ ಜೋಳದ ಕೂಳೆಯ ಚೂರು ಸಿಕ್ಕಿಕೊಂಡಿತ್ತು, ಒಂದು ಕಡೆ ರಕ್ತ ಒಣಗಿತ್ತು.

ಅಡಾ ಆ ಕಾಲನ್ನೇ ನೋಡಿದಳು. ಇಷ್ಟು ವರ್ಷ ಅವಳು ಎಷ್ಟೋ ಕಾಲು ತೊಳೆದಿದ್ದಳು, ತೊಳೆಯಬೇಕಾದ ಕಾಲು ಇವತ್ತೇ ಮೊದಲು ಎದುರಿಗೆ ಬಂದದ್ದು. ಅವಳಿಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಮೊದಲೇ ಹೇಳಬಾರದಿತ್ತೇ, ಹಿಂದಿನ ಬಚ್ಚಲಿನಲ್ಲಿ ಒಂದು ಚೊಂಬು ನೀರು ಹಾಕಿಕೊಂಡು ಬರಬಾರದಿತ್ತೇ, ಇವತ್ತೇ ಹೀಗೆ ಮಾಡಬೇಕಿತ್ತೇ.

"ಬೆಳಿಗ್ಗೆ ರೂಬೆನ್ ಹಸು ಅಟ್ಕೊಂಡ್ ಬರ್ತೀನಿ ಅಂತ ಹೋಗ್ಬಿಟ್ಟಿದ್ದ," ಎಂದಳು ಎರ್ಮಾ, ಯಾರಿಗೂ ಅಲ್ಲ ಎಂಬಂತೆ. "ಹಸು ಮಾರಿ ಎಷ್ಟು ವರ್ಷ ಆಯ್ತೋ. ಹೊಲದ ಮಧ್ಯೆ ನಿಂತಿದ್ದ. ಬೂಟು ಹಾಕ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ ನನಗೆ. ಅವನ ಕಾಲು ತೊಳ್ದೆ. ನನ್ನದಕ್ಕೆ ಹೊತ್ತಿರಲಿಲ್ಲ."

ಅಡಾ ನೀರು ಮೊಗೆದು ಹಾಕಿದಳು. ಮಾಮೂಲಿಯಂತೆ ಅಂಗೈಯಲ್ಲಿ ಒಂದಿಷ್ಟು ನೀರು ಚಿಮುಕಿಸಿ ಟವೆಲು ಒತ್ತಿದರೆ ಆಗುವಂಥದ್ದಾಗಿರಲಿಲ್ಲ ಅದು. ತಿಕ್ಕಬೇಕಾಯಿತು. ಬೆರಳ ಸಂದಿಗೆ ಬೆರಳು ಹಾಕಿ ಕೂಳೆ ತೆಗೆಯಬೇಕಾಯಿತು, ಅವಳ ಉಗುರಿನೊಳಗೆ ಮಣ್ಣು ಹೋಯಿತು, ಗಾಯದ ಹತ್ತಿರ ಬಂದಾಗ ಎರ್ಮಾಳ ಕಾಲು ಸೆಟೆದುಕೊಂಡಿತು, ಅಡಾ ಕೈ ಹಗುರ ಮಾಡಿದಳು. ಮುದಿ ಕಾಲು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಇದೇ ಕಾಲಿನಲ್ಲಿ ಎರ್ಮಾ ಹುಡುಗಿಯಾಗಿದ್ದಾಗ ಹಳ್ಳದ ಕಲ್ಲುಗಳ ಮೇಲೆ ಅಡಾಗಿಂತ ಮುಂದೆ ಮುಂದೆ ಹಾರಿಕೊಂಡು ಹೋಗುತ್ತಿದ್ದಳು, ತಿರುಗಿ ಕೈ ಚಾಚುತ್ತಿದ್ದಳು. ನೀರು ಕಪ್ಪಾಯಿತು. ತಲೆಯೆತ್ತಿ ಹೇಳಬೇಕಾದ ಮಾತು ಇದ್ದ ಜಾಗದಲ್ಲಿರಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸ ಎಂದು ಶುರುವಾಗುತ್ತಿತ್ತು. ಆ ಕಾಲು ಹಿಡಿದುಕೊಂಡು ಅದನ್ನು ಹೇಳಲು ಬಾಯಿ ಬರಲಿಲ್ಲ.

"ನಾನು ಹೇಳಬಾರದಿತ್ತು," ಎಂದಳು. ಪಕ್ಕದ ಜೋಡಿಗೂ ಕೇಳಿಸದಷ್ಟು ಮೆಲ್ಲಗೆ.

"ಹೌದು," ಎಂದಳು ಎರ್ಮಾ. "ಹೇಳಬಾರದಿತ್ತು."

ಅಡಾ ಎರ್ಮಾಳ ಕಾಲೊರೆಸಿ ಎದ್ದಳು, ಟವೆಲನ್ನು ಮಡಿಸಿ ಮಣ್ಣು ಕಾಣದ ಹಾಗೆ ಹಿಡಿದುಕೊಂಡಳು. ಈಗ ಅವಳು ಕೂರುವ ಸರದಿ. "ತಾಳು, ನೀರು ಬದಲಾಯಿಸ್ಕೊಂಡ್ ಬರ್ತೀನಿ," ಎಂದು ಬೋಗುಣಿಗೆ ಕೈ ಹಾಕಿದಳು.

"ಯಾಕೆ?" ಎಂದಳು ಎರ್ಮಾ. "ಒಂದು ಜೋಡಿಗೆ ಒಂದೇ ನೀರು. ನೀನೇ ಮಾಡಿದ ನಿಯಮ ಅಲ್ವಾ."

ಅಡಾ ಸುತ್ತ ನೋಡಿದಳು. ಎಲ್ಲರೂ ತಮ್ಮ ತಮ್ಮ ಬೋಗುಣಿಯಲ್ಲಿ ಏನೋ ಕಳೆದುಕೊಂಡವರಂತೆ ತಲೆ ಬಗ್ಗಿಸಿದ್ದರು. ಅವಳು ಪುಟ್ಟ ಕುರ್ಚಿಯಲ್ಲಿ ಕೂತು ಹೊಸ ಕಾಲುಚೀಲ ತೆಗೆದಳು. ಕಾಲು ಬೆಳ್ಳಗೆ, ಮೆತ್ತಗೆ, ಪೌಡರಿನ ಪರಿಮಳ ಹೊರಸೂಸುತ್ತಾ ಹೊರಬಂತು. ಅವಳಿಗೆ ಅದನ್ನು ಎಲ್ಲಾದರೂ ಬಚ್ಚಿಡಬೇಕೆನ್ನಿಸಿತು. ಎರ್ಮಾ ಮಂಡಿಯೂರಿ ಕಪ್ಪು ನೀರನ್ನು ಮೊಗೆದು ಅದರ ಮೇಲೆ ಹಾಕಿದಳು. ಅವಸರ ಮಾಡಲಿಲ್ಲ, ಸಿಟ್ಟಿನಿಂದಲೂ ಅಲ್ಲ. ಹಿಮ್ಮಡಿ, ಪಾದ, ಬೆರಳ ಸಂದಿ, ಎಲ್ಲ ಕಡೆಗೂ ಚೆನ್ನಾಗಿ ತೊಳೆದಳು. ಕಲ್ಲಿನಿಂದ ಉಜ್ಜಿ ನಯ ಮಾಡಿದ್ದ ಹಿಮ್ಮಡಿಯ ಮೇಲೆ ಕೆಸರು ಗೆರೆಗೆರೆಯಾಗಿ ಇಳಿಯಿತು. ಒರೆಸಿದ ಮೇಲೂ ಉಗುರಿನ ಸುತ್ತ ಕಪ್ಪು ಉಳಿಯಿತು. ಆಮೇಲೆ ಇಬ್ಬರೂ ಎದ್ದು ನಿಂತರು. ಕಾಲು ತೊಳೆದಾದ ಮೇಲೆ ಪವಿತ್ರವಾದ ಮುದ್ದು ಕೊಡಬೇಕು, ಅದೂ ಬರೆದಿರುವುದೇ. ಎರ್ಮಾಳ ಕೆನ್ನೆ ತಣ್ಣಗಿತ್ತು. ಕರ್ತನು ನಿನ್ನ ಸಂಗಡ ಇರಲಿ ಎಂದು ಇಬ್ಬರೂ ಹೇಳಿದರು. ಎರ್ಮಾ ಕೂಡಲೇ ರೂಬೆನ್‌ನನ್ನು ಹುಡುಕಿಕೊಂಡು ಹೋದಳು, ಊಟಕ್ಕೂ ನಿಲ್ಲಲಿಲ್ಲ. ಬೋಗುಣಿಯ ನೀರನ್ನು ಅಡಾ ಹೂಕುಂಡಕ್ಕೇ ಹಾಕಿದಳು. ಗಿಡಕ್ಕೆ ಉಪಯೋಗವಾಗುವ ನೀರು ಇವತ್ತೇ ಸಿಕ್ಕಿದ್ದು.

ನೆಲಮಾಳಿಗೆಯಲ್ಲಿ ಹ್ಯಾಮಿಗೆ ಸಾಲು ನಿಂತಿತ್ತು. ಡಾರ್ಲಾ ತಟ್ಟೆ ಹಿಡಿದುಕೊಂಡೇ ಅಡಾಳನ್ನು ಮೆಟ್ಟಿಲ ಪಕ್ಕಕ್ಕೆ ಕರೆದಳು. ಅವಳ ಮುಖದಲ್ಲಿ ನಿಜವಾದ ಸಂಕಟವಿತ್ತು, ಆ ಸಂಕಟದ ಕೆಳಗೆ ಇನ್ನೊಂದಿತ್ತು, ಅದನ್ನು ಅಡಾ ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಗುರುತಿಸಿದಳು.

"ಪಾಪ ಎರ್ಮಾ. ಅವರ ಕಾಲು ನೋಡಿದ್ರಲ್ಲ. ಮನೇಲಿ ಏನು ನಡೀತಿದ್ಯೋ. ಸರಪಳಿಗೆ ಹಾಕೋಣ್ವಾ ಅಂತ. ಹೆಸರು ಬೇಡ."

"ಹಾಕೋಣ," ಎಂದಳು ಅಡಾ. "ಬರ್ಕೊ."

"ಬರ್ಕೊಳ್ಳೋದು ಬೇಡ, ನೆನಪಿರತ್ತೆ."

"ಕಾಲು ತೊಳೆಯೋ ದಿನ ಅಡಾ ನಿಸ್ಲಿ ಕೊಳಕು ಕಾಲು ಇಟ್ಕೊಂಡು ಮನೆಗೆ ಹೋದಳು. ಅವಳಿಗೋಸ್ಕರ ಪ್ರಾರ್ಥನೆ ಮಾಡಿ. ಹೆಸರು ಹಾಕೇ ಹೇಳು. ಬೇರೆ ಯಾರ ಹೆಸರೂ ಬರಕೂಡದು, ಒಂದು ಮಾತು ಜಾಸ್ತಿ ಆಗಕೂಡದು. ಮುಂದಿನವರಿಗೂ ಹಾಗೇ ಹೇಳೋಕೆ ಹೇಳು." ಅಡಾ ಬೂಟು ಬಿಚ್ಚಿ ಹೊಸ ಕಾಲುಚೀಲದ ತುದಿಯನ್ನು ತೋರಿಸಿದಳು. ಕೆಸರು ಹೊರಗೆ ಒಸರಿತ್ತು.

ಡಾರ್ಲಾಳ ಕಣ್ಣು ತುಂಬಿತು. "ಎಂಥ ದೀನತೆ ನಿಮ್ಮದು," ಎಂದಳು. ಅಡಾಗೆ ಎದೆಯಲ್ಲಿ ಸಣ್ಣಗೆ ಏನೋ ಬೆಚ್ಚಗಾಯಿತು; ಏನೆಂದು ತಕ್ಷಣ ಗೊತ್ತಾಗಿ ಅವಳಿಗೆ ಅಳು ಬಂತು. ಇದು ಹೋಗುವುದೇ ಇಲ್ಲವೇನೋ. ಸತ್ತು ಪೆಟ್ಟಿಗೆಯಲ್ಲಿ ಮಲಗಿದಾಗಲೂ ಎಷ್ಟು ಸರಳವಾದ ಪೆಟ್ಟಿಗೆ ಎಂದು ಯಾರಾದರೂ ಅನ್ನಲಿ ಎಂದು ಕಿವಿಗೊಟ್ಟು ಮಲಗಿರುತ್ತೇನೇನೋ.

ಮನೆಗೆ ಹೋಗುವಾಗ ವೀವರರ ಬಾಗಿಲು ಮುಚ್ಚಿತ್ತು.

"ಎಲ್ವಿನ್, ಈಸ್ಟರಿಗೆ ರೂಬೆನ್ ಹಾಡಿಸ್ಲಿ," ಎಂದಳು ಅಡಾ.

"ಅದು ತೀರ್ಮಾನ ಆಗಿರೋ ವಿಷಯ."

"ಒಂದೇ ಒಂದು ಹಾಡು. ಮರ್ತುಹೋದ್ರೆ ನಾವೆಲ್ಲ ಇರ್ತೀವಲ್ಲ, ಹಾಡ್ತೀವಿ."

ಎಲ್ವಿನ್ ರಸ್ತೆಯನ್ನು ನೋಡಿದ. "ಪ್ರಾರ್ಥನೆ ಮಾಡೋಣ," ಎಂದ. ಅವರ ಜನರಲ್ಲಿ ಹಾಗೆಂದರೆ ಆಗುವುದಿಲ್ಲ ಎಂದು ಅರ್ಥ. ಅಡಾ ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ. ಅವಳು ಮೂರನೆಯ ಸಲವೂ ಕೇಳಿದಳು. ಎಲ್ವಿನ್‌ಗೆ ಇದು ಹೊಸದು, ಅವನು ಕಾರು ನಿಧಾನ ಮಾಡಿ ಅವಳ ಮುಖ ನೋಡಿದ, ಗ್ಲೆನ್‌ಗೆ ಒಂದು ಮಾತು ಹೇಳಿ ನೋಡುತ್ತೇನೆ ಎಂದ. ಹೇಳುತ್ತಾನೆಂಬ ಖಾತ್ರಿಯೇನೂ ಅವಳಿಗಿರಲಿಲ್ಲ.

ಸಂಜೆಯವರೆಗೂ ಅವಳು ಕಾಲು ತೊಳೆದುಕೊಳ್ಳಲಿಲ್ಲ. ತೊಳೆಯದಿರುವುದೂ ಒಂದು ಆಟವೇ ಇರಬಹುದು ಎಂದು ಅನ್ನಿಸಿ ಬಚ್ಚಲಿಗೆ ಹೋದಳು, ನಲ್ಲಿ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ಅಷ್ಟರಲ್ಲಿ ಅಡುಗೆಮನೆಯ ಗೋಡೆಯ ಮೇಲಿನ ಫೋನ್ ಹೊಡೆದುಕೊಂಡಿತು. ಬರಿಗಾಲಿನಲ್ಲೇ ಹೋಗಿ ಎತ್ತಿದಳು.

"ಪ್ರಾರ್ಥನಾ ವಿಷಯ ಮುಟ್ಟಿತು," ಎಂದಿತು ಎರ್ಮಾಳ ಸ್ವರ. "ಅಡಾ ನಿಸ್ಲಿ ಕಾಲು ಕೊಳಕಾಗಿದೆಯಂತೆ."

"ಇನ್ನೇನಾದ್ರೂ ಸೇರಿಸಿದ್ರಾ?"

"ಗ್ಯಾಂಗ್ರೀನ್ ಅಂದ್ಲು ಮೇಬಲ್. ಮಂಡಿವರೆಗೂ ಕತ್ತರಿಸ್ತಾರಂತೆ."

ಅಡಾಗೆ ನಗು ಬಂತು, ನಗಬಾರದೆಂದು ತುಟಿ ಕಚ್ಚಿದಳು. ಆ ಕಡೆಯಿಂದಲೂ ಏನೋ ಸದ್ದು ಬಂದು ನಿಂತಂತಾಯಿತು, ನಗುವೋ ಕೆಮ್ಮೋ ತಿಳಿಯಲಿಲ್ಲ.

"ಎರ್ಮಾ," ಎಂದಳು. "ಪ್ರಾರ್ಥನೆ ಮಾಡ್ತೀಯಾ?"

"ನೋಡೋಣ."

ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ರೂಬೆನ್‌ನ ದನಿ ಕೇಳಿಸಿತು. "ಯಾರದು?"

"ಅಡಾ."

"ಯಾವ ಅಡಾ?"

ಎರ್ಮಾ ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡಳು. ಯಾವ ಅಡಾ ಎಂಬುದಕ್ಕೆ ಅವಳ ಬಳಿ ಇರಬಹುದಾದ ಉತ್ತರಗಳನ್ನೆಲ್ಲ ಅಡಾ ಗೋಡೆಗೆ ಒರಗಿಕೊಂಡು ಒಂದೊಂದಾಗಿ ಕೇಳಿಸಿಕೊಂಡಳು.

"ಬೆಳಿಗ್ಗೆ ನನ್ನ ಕಾಲು ತೊಳೆದಳಲ್ಲ," ಎಂದಳು ಎರ್ಮಾ ಕೊನೆಗೆ, "ಅವಳು."